16 ಮತದ ಕ್ಷೇತ್ರ: ತಿಲಕ್ ನಗರದವರು ತಿಳಿದಿರಬೇಕಾದ ಗೆಲುವಿನ ಲೆಕ್ಕ

ತಿಲಕ್ ನಗರ: 2023ರ ಮೇ 13, ಶನಿವಾರ. ರಾಜ್ಯದ ಉಳಿದ ಕಡೆ ಮಧ್ಯಾಹ್ನದ ಹೊತ್ತಿಗೇ ಪಟಾಕಿ ಹೊಡೆದು ಮುಗಿದಿತ್ತು. ನಮ್ಮ ಪಕ್ಕದ ಜಯನಗರ 4ನೇ ಟಿ ಬ್ಲಾಕ್‌ನ ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಗೇಟ್ ಮುಂದೆ ಮಾತ್ರ ರಾತ್ರಿವರೆಗೂ ಎರಡೂ ಪಕ್ಷದವರ ಗುಂಪು, ಪೊಲೀಸ್ ಬ್ಯಾರಿಕೇಡ್, ಘೋಷಣೆ. ಕೊನೆಗೆ ಬಂದ ಫಲಿತಾಂಶ ಇದು: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ 57,781. ಅಂತರ 16 ಮತ.

ಹದಿನಾರು ಅಂದ್ರೆ ಎಷ್ಟು? ಒಂದು ಟೆಂಪೋ ಟ್ರಾವೆಲರ್ ತುಂಬುವಷ್ಟು ಜನ. ಸ್ವಾಗತ್ ರೋಡ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಸಂಜೆ ಹೊತ್ತು ಒಟ್ಟಿಗೆ ನಿಂತಿರೋ ಗಿರಾಕಿಗಳು. ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಆಗ ಒಂದು ಬೂತ್‌ಗೆ ಹೆಚ್ಚೆಂದರೆ 1,500 ಮತದಾರರು ಅನ್ನೋ ಮಿತಿ ಇತ್ತು. ಹಾಗೆ ಲೆಕ್ಕ ಹಾಕಿದರೆ ಕಡಿಮೆ ಅಂದ್ರೂ ನೂರ ಮೂವತ್ತು ಚಿಲ್ಲರೆ ಬೂತ್. ಎಂಟು ಬೂತ್‌ಗೆ ಒಂದೇ ಒಂದು ಮತ ಹೆಚ್ಚುಕಮ್ಮಿ ಆಗಿದ್ದರೂ ಶಾಸಕರು ಬೇರೆಯವರಾಗಿರುತ್ತಿದ್ದರು.

ಪಾಲಿಕೆ ಚುನಾವಣೆ ಮಾತು ಬಂದಾಗಲೆಲ್ಲ ಟೀ ಅಂಗಡಿ ಮುಂದೆ ಅದೇ ವಾದ ಶುರುವಾಗುತ್ತೆ. ಗೆಲ್ಲೋದು ದುಡ್ಡಿಂದ ಅಂತ ಒಬ್ಬರು, ಜಾತಿಯಿಂದ ಅಂತ ಇನ್ನೊಬ್ಬರು, ಮೋದಿ ಹೆಸರಿಂದ ಅಂತಲೋ ಗ್ಯಾರಂಟಿಯಿಂದ ಅಂತಲೋ ಮತ್ತೊಬ್ಬರು. ಇವೆಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ನಮ್ಮ ಕ್ಷೇತ್ರದ ಅಂಕಿ ನೋಡಿದರೆ ಬೇರೆಯೇ ಒಂದು ಕಥೆ ಕಾಣುತ್ತೆ.

ಹೆಚ್ಚು ಮತ ತಗೊಂಡೂ ಸೋತದ್ದು

2018ರ ಚುನಾವಣೆ ನೆನಪಿಸಿಕೊಳ್ಳಿ. 2008 ಮತ್ತು 2013ರಲ್ಲಿ ಜಯನಗರದಿಂದ ಗೆದ್ದಿದ್ದ ಬಿಜೆಪಿಯ ಬಿ.ಎನ್. ವಿಜಯಕುಮಾರ್, ಸರಳ ಮನುಷ್ಯ, ಕರೆದರೆ ಸಿಗುವ ಶಾಸಕ ಅಂತ ಹೆಸರಾಗಿದ್ದವರು. ಪ್ರಚಾರದ ವೇಳೆ ಕುಸಿದು ಬಿದ್ದು ಮೇ 4ರಂದು ತೀರಿಕೊಂಡರು. ಮತದಾನ ಮುಂದಕ್ಕೆ ಹೋಗಿ ಜೂನ್ 11ಕ್ಕೆ ನಡೆಯಿತು. ಬಿಜೆಪಿ ಅವರ ತಮ್ಮ ಬಿ.ಎನ್. ಪ್ರಹ್ಲಾದ್ ಅವರಿಗೆ ಟಿಕೆಟ್ ಕೊಟ್ಟಿತು. ಅನುಕಂಪ ಕೈ ಹಿಡಿಯುತ್ತೆ ಅಂತ ಬಹಳ ಜನ ಅಂದುಕೊಂಡಿದ್ದರು.

ಆದರೆ ಅಷ್ಟರಲ್ಲಿ ವಿಧಾನಸೌಧದಲ್ಲಿ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರ ಬಂದುಬಿಟ್ಟಿತ್ತು. ಮತದಾನಕ್ಕೆ ಕೆಲವೇ ದಿನ ಮೊದಲು ಜೆಡಿಎಸ್ ತನ್ನ ಅಭ್ಯರ್ಥಿಯನ್ನು ಕಣದಿಂದ ಹಿಂದೆ ಸರಿಸಿ ಕಾಂಗ್ರೆಸ್ ಬೆನ್ನಿಗೆ ನಿಂತಿತು. ಸೌಮ್ಯಾ ರೆಡ್ಡಿ 54,457, ಪ್ರಹ್ಲಾದ್ 51,568. ಅಂತರ 2,889.

ಈಗ 2023ರ ಅಂಕಿ ಪಕ್ಕದಲ್ಲಿಡಿ. ಸೌಮ್ಯಾ ರೆಡ್ಡಿ ಅವರಿಗೆ ತಾವು ಗೆದ್ದ ವರ್ಷಕ್ಕಿಂತ 3,324 ಮತ ಹೆಚ್ಚೇ ಬಿದ್ದಿದೆ. ಆದರೂ ಸೋತರು! ಯಾಕಂದ್ರೆ ಬಿಜೆಪಿಗೆ 6,229 ಮತ ಹೆಚ್ಚಾಯಿತು. ಅಂದ್ರೆ ಇಲ್ಲಿ ಯಾರೂ ಯಾರ ಮತವನ್ನೂ ದೊಡ್ಡದಾಗಿ ಕಿತ್ತುಕೊಂಡ ಹಾಗೆ ಕಾಣೋದಿಲ್ಲ. 2018ರ ಜೂನ್‌ನಲ್ಲಿ ನೂರಕ್ಕೆ ಐವತ್ತೈದರ ಆಸುಪಾಸು ಜನ ಮಾತ್ರ ಮತ ಹಾಕಿದ್ದರು. 2023ರಲ್ಲಿ ಹೊಸದಾಗಿ ಬೂತ್‌ಗೆ ಬಂದವರನ್ನು ಯಾರು ಹೆಚ್ಚು ಕರೆತಂದರೋ ಅವರು ಗೆದ್ದರು. ಇದು ನಮ್ಮ ಅಂದಾಜು, ಆದರೆ ಅಂಕಿ ಹೇಳೋದು ಅದನ್ನೇ.

ಅದೇ ದಿನ ರಾಜ್ಯದಲ್ಲಿ ಗಾಳಿ ಪೂರ್ತಿ ಕಾಂಗ್ರೆಸ್ ಕಡೆ ಇತ್ತು ಅನ್ನೋದನ್ನೂ ಮರೆಯಬೇಡಿ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಅಂಥಾ ಗಾಳಿಯಲ್ಲೂ ಜಯನಗರ ಕೈ ತಪ್ಪಿತು. ಅಲೆ ಅನ್ನೋದು ಕ್ಷೇತ್ರದ ಬಾಗಿಲವರೆಗೆ ಬರುತ್ತೆ, ಒಳಗಿನ ಕೆಲಸ ಬೇರೆಯವರು ಮಾಡಬೇಕು.

ಶೇಕಡಾವಾರು ಬೇರೆ, ಸೀಟು ಬೇರೆ

ಇನ್ನೊಂದು ವಿಷಯದಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. 2018ರಲ್ಲಿ ರಾಜ್ಯದಲ್ಲಿ ಹೆಚ್ಚು ಮತ ಪಡೆದ ಪಕ್ಷ ಕಾಂಗ್ರೆಸ್, ಸುಮಾರು ಶೇ 38. ಬಿಜೆಪಿಗೆ ಸುಮಾರು ಶೇ 36. ಆದರೆ ಸೀಟು ಬಿಜೆಪಿಗೆ 104, ಕಾಂಗ್ರೆಸ್‌ಗೆ ಸುಮಾರು 80. ಐದು ವರ್ಷ ಬಿಟ್ಟು 2023ರಲ್ಲಿ ಬಿಜೆಪಿ ಮತ ಮತ್ತೆ ಅದೇ ಶೇ 36. ಸೀಟು ಮಾತ್ರ 66ಕ್ಕೆ ಇಳಿಯಿತು. ಮತ ಕಡಿಮೆಯಾಗದೇ 38 ಸೀಟು ಹೋಯಿತು!

ಏನಾಯ್ತು ಅಂದ್ರೆ, ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ ಹೆಚ್ಚುಕಮ್ಮಿ ಅಷ್ಟೇ ಮೇಲೆ ಹೋಗಿ ಶೇ 43ರ ಹತ್ತಿರ ಮುಟ್ಟಿತು. ಎದುರಾಳಿ ಮತ ಎರಡು ಕಡೆ ಒಡೆದಿದ್ದಾಗ ಬಿಜೆಪಿ ಗೆಲ್ಲುತ್ತಿದ್ದ ಕಡೆ, ಅದು ಒಂದೇ ಕಡೆ ಕೂಡಿದ ಕೂಡಲೇ ಸೋತಿತು. ಅದಕ್ಕೇ ಪಕ್ಷಗಳು ಟಿಕೆಟ್ ಹಂಚುವಾಗ "ನಮಗೆ ಎಷ್ಟು ಬರುತ್ತೆ" ಅನ್ನೋದರ ಜತೆಗೆ "ಎದುರಿಗೆ ಎಷ್ಟು ಜನ ನಿಲ್ಲುತ್ತಾರೆ" ಅಂತಲೂ ಲೆಕ್ಕ ಹಾಕೋದು.

ಬಂಡಾಯ ಅಭ್ಯರ್ಥಿ ಮಾಡುವ ಹಾನಿ ಇದೇ ಲೆಕ್ಕದ್ದು. 2023ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಬಿಜೆಪಿ ಟಿಕೆಟ್ ಸಿಗದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತು ಎರಡನೇ ಸ್ಥಾನಕ್ಕೆ ಬಂದರು, ಪಕ್ಷದ ಅಧಿಕೃತ ಅಭ್ಯರ್ಥಿ ಮೂರನೆಯವರಾದರು, ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ ಗೆದ್ದರು. ಜಯನಗರದಲ್ಲಿ ಬಂಡಾಯ ಇರಲಿಲ್ಲ, ಆದರೆ ಸೌಮ್ಯಾ ರೆಡ್ಡಿ ಅವರ ಹೆಸರನ್ನೇ ಹೋಲುವ ಇನ್ನೊಬ್ಬ ಪಕ್ಷೇತರ ಅಭ್ಯರ್ಥಿ ಇದ್ದರು, ಅವರಿಗೆ ಮುನ್ನೂರಕ್ಕೂ ಹೆಚ್ಚು ಮತ ಬಿತ್ತು. ಸೋಲಿನ ಅಂತರ ಹದಿನಾರು. ಮತಯಂತ್ರದಲ್ಲಿ ಅಭ್ಯರ್ಥಿಯ ಫೋಟೋ ಹಾಕುವುದೇ ಈ ಥರದ ಗೊಂದಲ ತಪ್ಪಿಸಲಿ ಅಂತ. ಕನ್ನಡಕ ಮನೇಲಿ ಮರೆತು ಬಂದವರಿಗೆ ಫೋಟೋ ಏನು ಮಾಡೀತು ಅನ್ನೋದು ಬೇರೆ ಮಾತು.

ನಿಜವಾದ ಕೆಲಸ: ಪಟ್ಟಿ

ರೋಡ್ ಶೋ, ಫ್ಲೆಕ್ಸ್, ಹೂವಿನ ಹಾರಕ್ಕೆ ಕ್ರೇನ್, ಇವೆಲ್ಲ ಟಿವಿಗೆ. ಅಭ್ಯರ್ಥಿಯ ಆಫೀಸಿನಲ್ಲಿ ನಿದ್ದೆಗೆಟ್ಟು ಕೂರುವವರ ಕೈಯಲ್ಲಿರೋದು ಮತದಾರರ ಪಟ್ಟಿ.

ಪಟ್ಟಿಯ ಒಂದು ಪುಟದಲ್ಲಿ ಸುಮಾರು ಮೂವತ್ತು ಹೆಸರು. ಬಿಜೆಪಿಯವರು "ಪೇಜ್ ಪ್ರಮುಖ್" ಅಂತ ಮಾಡಿರೋದು ಈ ಪುಟಕ್ಕೇ. ಒಂದು ಪುಟಕ್ಕೆ ಒಬ್ಬ ಕಾರ್ಯಕರ್ತ. ಆ ಏಳೆಂಟು ಮನೆಯವರು ಊರಲ್ಲಿದ್ದಾರಾ, ಮಗ ಹೊರದೇಶದಲ್ಲಿದ್ದಾನಾ, ಅಜ್ಜಿಗೆ ನಡೆಯೋಕಾಗುತ್ತಾ, ಮನೆ ಬದಲಾಯಿಸಿದ್ರಾ, ಎಲ್ಲಾ ಅವನಿಗೆ ಗೊತ್ತಿರಬೇಕು. ಕಾಂಗ್ರೆಸ್‌ನಲ್ಲೂ ಬೂತ್ ಮಟ್ಟದ ಏಜೆಂಟ್‌ಗಳಿದ್ದಾರೆ, ಚುನಾವಣಾ ಆಯೋಗವೇ ಎಲ್ಲಾ ಪಕ್ಷಕ್ಕೂ ಬಿಎಲ್‌ಎ ನೇಮಿಸೋಕೆ ಅವಕಾಶ ಕೊಟ್ಟಿದೆ. ಹೆಸರು ಏನೇ ಇರಲಿ, ಕೆಲಸ ಒಂದೇ. ಮಧ್ಯಾಹ್ನ ಮೂರು ಗಂಟೆಗೆ ಪಟ್ಟಿ ನೋಡಿ, ಯಾರ ಹೆಸರಿನ ಮುಂದೆ ಟಿಕ್ ಬಿದ್ದಿಲ್ಲವೋ ಅವರ ಮನೆ ಬಾಗಿಲಿಗೆ ಹೋಗಿ "ಅಕ್ಕಾ, ಇನ್ನೂ ಬಂದಿಲ್ವಲ್ಲ, ಬನ್ನಿ ಆಟೋ ಇದೆ" ಅನ್ನೋದು. ಹೀಗೆ ಪಕ್ಷದ ಗಾಡಿಯಲ್ಲಿ ಮತದಾರರನ್ನು ಕರೆತರುವುದು ಕಾನೂನಿನಲ್ಲಿ ತಪ್ಪು ಅಂತ ಎಷ್ಟು ಜನಕ್ಕೆ ಗೊತ್ತೋ ಏನೋ.

ದಕ್ಷಿಣ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬೇರೆ ಕಡೆಗಿಂತ ಬೆಲೆ ಹೆಚ್ಚು, ಯಾಕಂದ್ರೆ ಇಲ್ಲಿ ಮತ ಹಾಕದವರೇ ದೊಡ್ಡ ಗುಂಪು. 2024ರ ಲೋಕಸಭೆ ಚುನಾವಣೆ ಏಪ್ರಿಲ್ 26ರ ಶುಕ್ರವಾರ ಬಂತು. ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ 53 ಅಷ್ಟೇ. 2023ರಲ್ಲಂತೂ ಬೇಕೆಂದೇ ಬುಧವಾರ ಇಟ್ಟಿದ್ದರು. ರಜೆ ಹಾಕಿ ಊರಿಗೆ ಹೋಗುವವರಿಗೆ ಅನುಕೂಲ ಆಗದಿರಲಿ ಅಂತ ಆಗಿನ ಮುಖ್ಯ ಚುನಾವಣಾ ಆಯುಕ್ತರೇ ಹೇಳಿದ್ದರು.

ಪಟ್ಟಿಗೆ ಎಷ್ಟು ಬೆಲೆ ಅನ್ನೋದು 2022ರ ನವೆಂಬರ್‌ನಲ್ಲೇ ಗೊತ್ತಾಯಿತು. ಚಿಲುಮೆ ಎಂಬ ಸಂಸ್ಥೆಯವರು ಮತದಾರರ ಜಾಗೃತಿ ಹೆಸರಿನಲ್ಲಿ ಮನೆಮನೆಗೆ ಹೋಗಿ ಮಾಹಿತಿ ಕಲೆ ಹಾಕಿದರು ಅನ್ನೋ ಆರೋಪ ಬಂತು. ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಹೇಳಿತು. ಅವತ್ತಿಂದ ನಮ್ಮ ಕಡೆ ಬಿಎಲ್‌ಒ ಮನೆಗೆ ಬಂದರೂ ಜನ ಮೊದಲು ಐಡಿ ಕಾರ್ಡ್ ತೋರಿಸಿ ಅಂತಾರೆ. ತಪ್ಪೇನಿಲ್ಲ, ಕೇಳಬೇಕು.

ದುಡ್ಡು, ಮಾತು, ಮುಖ

ದುಡ್ಡಿನ ಬಗ್ಗೆ ಚುಟುಕಾಗಿ ಹೇಳಿಬಿಡ್ತೀವಿ. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ ರೂಪಾಯಿ. 2023ರ ಕರ್ನಾಟಕ ಚುನಾವಣೆಯಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಚಿನ್ನ, ಉಚಿತ ಸಾಮಾನುಗಳ ಮೌಲ್ಯ 375 ಕೋಟಿ ದಾಟಿತ್ತು. ಸಿಕ್ಕಿಬಿದ್ದದ್ದೇ ಅಷ್ಟು. ಆದರೆ ಎರಡೂ ಕಡೆಯವರು ಕೊಟ್ಟಾಗ ಒಂದು ಇನ್ನೊಂದನ್ನು ಹೊಡೆದು ಹಾಕುತ್ತೆ. ಕುಕ್ಕರ್ ಒಬ್ಬರದು, ಮತ ಇನ್ನೊಬ್ಬರಿಗೆ ಅನ್ನೋದು ಎಲ್ಲಾ ಗಲ್ಲಿಯಲ್ಲೂ ಕೇಳಿರೋ ಮಾತೇ. ದುಡ್ಡಿಲ್ಲದೆ ಕಣಕ್ಕಿಳಿಯೋದು ಕಷ್ಟ, ದುಡ್ಡೊಂದರಿಂದಲೇ ಗೆಲ್ಲೋದೂ ಕಷ್ಟ. ಕೊಡೋದು, ತಗೊಳ್ಳೋದು ಎರಡೂ ಅಪರಾಧ ಅನ್ನೋದು ಗೊತ್ತಿರಲಿ.

ಮಾತಿನ ವಿಷಯಕ್ಕೆ ಬಂದರೆ, ಕಿರಾಣಿ ಅಂಗಡಿಯವನು ಗಿರಾಕಿಗೆ ಒಂದೇ ವಾಕ್ಯದಲ್ಲಿ ಹೇಳುವಂತಿರಬೇಕು, ಆಗ ಅದು ಓಡುತ್ತೆ. 2023ರಲ್ಲಿ ಕಾಂಗ್ರೆಸ್‌ನ ಐದು ಗ್ಯಾರಂಟಿ ಹಾಗೇ ಓಡಿದ್ದು: ಮನೆ ಯಜಮಾನಿಗೆ ತಿಂಗಳಿಗೆ 2,000 ರೂ., 200 ಯೂನಿಟ್‌ವರೆಗೆ ಕರೆಂಟ್ ಫ್ರೀ, ಹೆಂಗಸರಿಗೆ ಬಸ್ ಫ್ರೀ. ಜತೆಗೆ ಕಾರ್ಡ್ ಮಾಡಿ ಮನೆಗೆ ಮುಟ್ಟಿಸಿದರು. "40 ಪರ್ಸೆಂಟ್" ಅನ್ನೋ ಎರಡು ಪದದ ಆರೋಪಕ್ಕೆ ಬಿಜೆಪಿ ಕೊಟ್ಟ ಉದ್ದುದ್ದ ಉತ್ತರ ಯಾರಿಗೂ ನೆನಪಿಲ್ಲ. ಆದರೆ ಅದೇ ಮತದಾರ ಒಂದೇ ವರ್ಷದಲ್ಲಿ ಬೇರೆ ಥರ ಯೋಚನೆ ಮಾಡ್ತಾನೆ. 2024ರಲ್ಲಿ ಬೆಂಗಳೂರು ದಕ್ಷಿಣ ಲೋಕಸಭೆಗೆ ಸೌಮ್ಯಾ ರೆಡ್ಡಿ ನಿಂತಾಗ ತೇಜಸ್ವಿ ಸೂರ್ಯ 2,77,083 ಮತದಿಂದ ಗೆದ್ದರು. ಅದೇ ಅಭ್ಯರ್ಥಿ, ಹೆಚ್ಚುಕಮ್ಮಿ ಅದೇ ಬೀದಿಗಳು. ದೆಹಲಿ ಚುನಾವಣೆಗೆ ಒಂದು ಅಳತೆ, ಬೆಂಗಳೂರು ಚುನಾವಣೆಗೆ ಇನ್ನೊಂದು.

ಮುಖಪರಿಚಯಕ್ಕೆ ಉದಾಹರಣೆ ಬೇಕಾದರೆ ಪಕ್ಕದ ಕ್ಷೇತ್ರ ನೋಡಿ. ರಾಮಲಿಂಗಾ ರೆಡ್ಡಿ ಜಯನಗರದಿಂದ ಗೆಲ್ಲುತ್ತಾ ಬಂದವರು. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಗಿ ಬಿಟಿಎಂ ಲೇಔಟ್ ಹೊಸದಾಗಿ ಹುಟ್ಟಿದಾಗ ಅಲ್ಲಿಗೆ ಹೋದರು. 2008, 2013, 2018, 2023, ನಾಲ್ಕೂ ಸಲ ಅಲ್ಲಿ ಗೆದ್ದರು. ಸರ್ಕಾರ ಯಾವ ಪಕ್ಷದ್ದು ಬಂದರೂ ಆ ಕ್ಷೇತ್ರ ಬದಲಾಗಿಲ್ಲ. ಇತ್ತ ಜಯನಗರದಲ್ಲಿ 16 ಮತದಿಂದ ಗೆದ್ದ ರಾಮಮೂರ್ತಿ ಕೂಡ ಮೊದಲು ಪಾಲಿಕೆ ಸದಸ್ಯರಾಗಿದ್ದವರೇ. ಮೋರಿ, ಖಾತಾ, ಬೀದಿದೀಪ ಅಂತ ಅಲೆದವರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿರುತ್ತೆ.

ಎಣಿಕೆ ಮೇಜಿನ ಮೇಲೂ ಗೆಲುವಿದೆ

ಜಯನಗರ ರಾಜ್ಯಕ್ಕೆಲ್ಲ ಪಾಠ ಆಗಿದ್ದು ಇಲ್ಲಿ. ಮೊದಲ ಎಣಿಕೆ ಮುಗಿದಾಗ ಸೌಮ್ಯಾ ರೆಡ್ಡಿ ಸ್ವಲ್ಪ ಮತಗಳಿಂದ ಮುಂದಿದ್ದರು. ಬಿಜೆಪಿ ಮರು ಎಣಿಕೆ ಕೇಳಿತು. ಮೊದಲು ತಿರಸ್ಕಾರ ಆಗಿದ್ದ ಅಂಚೆ ಮತಪತ್ರಗಳ ವಿಷಯಕ್ಕೆ ಜಗಳ ಹತ್ತಿತು. ಅವನ್ನು ಮತ್ತೆ ನೋಡಿ ಎಣಿಸಿದ ಮೇಲೆ ಲೆಕ್ಕ ತಿರುಗಿತು. ಡಿ.ಕೆ. ಶಿವಕುಮಾರ್ ಕಾಲೇಜಿಗೇ ಬಂದು ಪ್ರತಿಭಟನೆ ಮಾಡಿದರು, ಬಿಜೆಪಿ ನಾಯಕರೂ ಅಲ್ಲೇ ಬೀಡು ಬಿಟ್ಟಿದ್ದರು. ಆಮೇಲೆ ಸೌಮ್ಯಾ ರೆಡ್ಡಿ ಹೈಕೋರ್ಟ್ ಮೆಟ್ಟಿಲೇರಿದರು. ಯಾರು ಸರಿ ಅನ್ನೋದು ನಾವು ಹೇಳುವ ವಿಷಯ ಅಲ್ಲ. ಆದರೆ ಎಣಿಕೆ ಹೇಗೆ ನಡೆಯುತ್ತೆ ಅನ್ನೋದು ಗೊತ್ತಿದ್ದರೆ ಅವತ್ತಿನ ಗಲಾಟೆ ಅರ್ಥವಾಗುತ್ತೆ.

ಬೆಳಗ್ಗೆ 8ಕ್ಕೆ ಅಂಚೆ ಮತ ಎಣಿಕೆ ಶುರು. ಚುನಾವಣಾ ಕೆಲಸಕ್ಕೆ ಹೋದ ಸಿಬ್ಬಂದಿ, ಸೇನೆಯಲ್ಲಿರುವವರು ಹಾಕಿದ ಮತ ಇದರಲ್ಲಿ ಬರುತ್ತೆ. 2023ರಲ್ಲಿ 80 ದಾಟಿದವರು ಮತ್ತು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು ಮನೆಯಿಂದಲೇ ಹಾಕಿದ ಮತವೂ ಇದಕ್ಕೇ ಸೇರಿತ್ತು. ಜಯನಗರದಂಥ ಹಿರಿಯರ ಬಡಾವಣೆಯಲ್ಲಿ ಇದು ಸಣ್ಣ ಸಂಖ್ಯೆಯಲ್ಲ. (2024ರಿಂದ ಮನೆ ಮತಕ್ಕೆ ವಯಸ್ಸು 85 ಮಾಡಿದ್ದಾರೆ, ಗಮನಿಸಿ.) ಅಂಚೆ ಮತದ ಜತೆಗೆ ಒಂದು ಘೋಷಣಾ ಪತ್ರ ಇರಬೇಕು, ಅದಕ್ಕೆ ಸಹಿ, ದೃಢೀಕರಣ ಇರಬೇಕು. ಒಂದು ಸಹಿ ಬಿಟ್ಟರೂ ಮತ ತಿರಸ್ಕಾರ. ದಿನಾ ಬೇರೆಯವರ ಅರ್ಜಿಯಲ್ಲಿ ತಪ್ಪು ಹುಡುಕುವ ಸರ್ಕಾರಿ ನೌಕರರೇ ಇಲ್ಲಿ ಎಡವುತ್ತಾರೆ!

ಎಂಟೂವರೆಯಿಂದ ಯಂತ್ರಗಳ ಎಣಿಕೆ, ಸಾಮಾನ್ಯವಾಗಿ 14 ಮೇಜು, ಸುತ್ತು ಸುತ್ತಾಗಿ. ಪ್ರತಿ ಮೇಜಿಗೂ ಅಭ್ಯರ್ಥಿಯ ಒಬ್ಬ ಏಜೆಂಟ್. ಮತದಾನದ ದಿನವೇ ಪ್ರತಿ ಬೂತ್‌ನಲ್ಲೂ ಎಷ್ಟು ಮತ ಬಿತ್ತು ಅಂತ 17-ಸಿ ನಮೂನೆ ಪಕ್ಷದ ಏಜೆಂಟರಿಗೆ ಕೊಡುತ್ತಾರೆ. ಅದನ್ನು ಜೋಪಾನವಾಗಿ ಇಟ್ಟುಕೊಂಡು ಎಣಿಕೆ ದಿನ ತಾಳೆ ನೋಡುವ ಏಜೆಂಟ್ ಇದ್ದರೆ ಅಭ್ಯರ್ಥಿಗೆ ಅರ್ಧ ಬಲ. ಊಟಕ್ಕೆ ಎದ್ದು ಹೋಗುವ ಏಜೆಂಟ್ ಇದ್ದರೆ ದೇವರೇ ಗತಿ. ಕ್ಷೇತ್ರಕ್ಕೆ ಐದು ಬೂತ್‌ಗಳನ್ನು ಚೀಟಿ ಎತ್ತಿ ಆರಿಸಿ ವಿವಿಪ್ಯಾಟ್ ಚೀಟಿಯನ್ನೂ ಎಣಿಸುತ್ತಾರೆ. ಗೆಲುವಿನ ಅಂತರಕ್ಕಿಂತ ತಿರಸ್ಕಾರವಾದ ಅಂಚೆ ಮತಗಳೇ ಹೆಚ್ಚಿದ್ದರೆ, ಫಲಿತಾಂಶ ಘೋಷಿಸುವ ಮುಂಚೆ ಅವನ್ನೆಲ್ಲ ಮತ್ತೆ ಪರಿಶೀಲಿಸಬೇಕು ಅನ್ನೋದು ಆಯೋಗದ ನಿಯಮ. ಅಂತರ ಸಣ್ಣದಾದಾಗ ಎಲ್ಲರೂ ಆ ಮೇಜಿನ ಸುತ್ತಲೇ ಮುತ್ತಿಕೊಳ್ಳೋದು ಇದಕ್ಕೇ. ಸೋತವರು ಘೋಷಣೆಗೆ ಮೊದಲೇ ಲಿಖಿತವಾಗಿ ಮರು ಎಣಿಕೆ ಕೇಳಬೇಕು. ಘೋಷಣೆ ಆದ ಮೇಲೆ ಉಳಿಯೋದು ಹೈಕೋರ್ಟ್ ಒಂದೇ, ಅದೂ 45 ದಿನದ ಒಳಗೆ.

ಇಷ್ಟು ಸಣ್ಣ ಅಂತರ ಜಯನಗರಕ್ಕೆ ಮಾತ್ರ ಬಂದದ್ದಲ್ಲ. ಅದೇ ದಿನ ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ ಗೆದ್ದದ್ದು 105 ಮತದಿಂದ. ಎಲ್ಲರಿಗಿಂತ ದೊಡ್ಡ ಕಥೆ ಚಾಮರಾಜನಗರ ಜಿಲ್ಲೆಯದು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಮತ. ಅವತ್ತು ಕೃಷ್ಣಮೂರ್ತಿ ಅವರ ಕಾರಿನ ಡ್ರೈವರ್‌ಗೇ ಮತ ಹಾಕೋಕೆ ಬಿಡುವು ಸಿಗಲಿಲ್ಲ ಅಂತ ಸುದ್ದಿಯಾಗಿತ್ತು. ಅಕಸ್ಮಾತ್ ಇಬ್ಬರಿಗೂ ಸಮ ಮತ ಬಂದಿದ್ದರೆ ಚೀಟಿ ಎತ್ತಬೇಕಿತ್ತು, ಕಾನೂನು ಹಾಗಿದೆ.

ಅಂಗಡಿಯವರಿಗೆ ಇದರಿಂದ ಏನು?

ಯಾರು ಗೆದ್ದರೂ ನಮ್ಮ ಶಟರ್ ನಾವೇ ಎತ್ತಬೇಕು ಅನ್ನೋರಿದ್ದಾರೆ. ಆದರೆ 2024ರ ಕೊನೆಯಲ್ಲಿ ಬೆಂಗಳೂರಿನ ಕ್ಷೇತ್ರಗಳಿಗೆ ತಲಾ 10 ಕೋಟಿ ರೂ. ಅನುದಾನ ಹಂಚಿದಾಗ ಜಯನಗರವನ್ನು ಬಿಟ್ಟದ್ದು ದೊಡ್ಡ ವಿವಾದವಾಯಿತು. ರಾಜಕೀಯ ಅವರವರದು, ಆದರೆ ಗುಂಡಿ ಬಿದ್ದ ರಸ್ತೆ ಎರಡೂ ಪಕ್ಷಕ್ಕೆ ಮತ ಹಾಕಿದವರದ್ದು.

ಪಾಲಿಕೆ ಮಟ್ಟದಲ್ಲಂತೂ ಕೇಳೋರೇ ಇಲ್ಲ. ಕೊನೆಯ ಬಿಬಿಎಂಪಿ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವತ್ತಿಂದ ಕಸದ ಗಾಡಿ ಬರಲಿಲ್ಲ ಅಂದರೂ, ಫುಟ್‌ಪಾತ್ ತಕರಾರು ಅಂದರೂ, ಅಧಿಕಾರಿಗಳಿಗೆ ಫೋನ್ ಮಾಡಬೇಕು ಇಲ್ಲಾ ಶಾಸಕರ ಆಫೀಸಿಗೆ ಹೋಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು, ನಾವು ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಸೇರಿದೆವು. ಮೊದಲು ಊರಿಗೆಲ್ಲ 198 ವಾರ್ಡ್ ಇತ್ತು, ಈಗ ಮುನ್ನೂರ ಅರವತ್ತು ದಾಟಿದೆ. ವಾರ್ಡ್ ಚಿಕ್ಕದಾದಷ್ಟೂ ಗೆಲುವಿನ ಅಂತರ ಚಿಕ್ಕದಾಗುತ್ತೆ. ಒಂದು ಮಾರ್ಕೆಟ್ ಬೀದಿಯ ಕುಟುಂಬಗಳು ಸೇರಿದರೆ ಫಲಿತಾಂಶ ತಿರುಗಬಹುದು. ಮೀಸಲಾತಿ ಪಟ್ಟಿಯೂ ಇಲ್ಲಿ ಆಟ ಆಡುತ್ತೆ. ಐದು ವರ್ಷ ಓಡಾಡಿ ಕೆಲಸ ಮಾಡಿದವರ ವಾರ್ಡ್ ಮಹಿಳೆಗೆ ಮೀಸಲಾದರೆ ಅವರು ಮನೆಯವರನ್ನು ನಿಲ್ಲಿಸುತ್ತಾರೆ, ಇಲ್ಲಾ ಪಕ್ಕದ ವಾರ್ಡ್‌ಗೆ ಹೋಗಿ ಹೊಸಬರಾಗುತ್ತಾರೆ.

ಕೆಲವರಿಗೆ ಇನ್ನೂ ಗೊಂದಲ ಇರೋದರಿಂದ ಇದನ್ನು ಬರೀತಿದ್ದೀವಿ. ಅಂಗಡಿ ತಿಲಕ್ ನಗರದಲ್ಲಿ, ಮನೆ ಬನ್ನೇರುಘಟ್ಟ ರಸ್ತೆ ಆಚೆ ಅಂದ್ರೆ, ನಿಮ್ಮ ಮತ ಮನೆ ಇರುವ ಕಡೆ. ಟ್ರೇಡ್ ಲೈಸೆನ್ಸ್ ಇಲ್ಲಿದೆ ಅಂತ ಮತ ಇಲ್ಲಿ ಬರೋದಿಲ್ಲ. ಬಾಡಿಗೆ ಮನೆ ಬದಲಾಯಿಸಿದ್ದರೆ ನಮೂನೆ 8, ಮಗನಿಗೋ ಮಗಳಿಗೋ 18 ತುಂಬಿದ್ದರೆ ನಮೂನೆ 6, ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ಆನ್‌ಲೈನ್‌ನಲ್ಲೂ ಹಾಕಬಹುದು, ನಿಮ್ಮ ಬೂತ್‌ನ ಬಿಎಲ್‌ಒ ಕೈಗೂ ಕೊಡಬಹುದು, ವಿಚಾರಣೆಗೆ 1950ಕ್ಕೆ ಫೋನ್ ಮಾಡಬಹುದು. ವೋಟರ್ ಐಡಿ ಕೈಯಲ್ಲಿದ್ದರೆ ಸಾಕು ಅಂತ ನಂಬಿ ಬೂತ್‌ಗೆ ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲ ಅಂತ ವಾಪಸ್ ಬಂದವರನ್ನು ಪ್ರತಿ ಸಲವೂ ನೋಡ್ತೀವಿ. ಕಾರ್ಡ್ ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ನಡೆಯುತ್ತೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವುದೂ ನಡೆಯಲ್ಲ.